ಅಣ್ಣನಿಗೆ ತಂದ ಗಾಳದ ದಾರ

2001ನೇ ಇಸವಿ. ಚೆನ್ನೈನ ಗಿಂಡಿ ಕೈಗಾರಿಕಾ ಎಸ್ಟೇಟಿನ ಒಂದು ಖಾಸಗಿ ಪರೀಕ್ಷಾಲಯದಲ್ಲಿ ನಾನು ಹಗ್ಗ ಮತ್ತು ನೂಲು ವಿಭಾಗದ ಮುಖ್ಯಸ್ಥೆಯಾಗಿದ್ದೆ. ಕ್ರೇನಿನ ಉಕ್ಕಿನ ಹಗ್ಗ, ಮೀನುಬಲೆಯ ನೈಲಾನ್, ಕಾರಿನ ಸೀಟ್ ಬೆಲ್ಟ್, ಕೊನೆಗೆ ಶಾಲಾ ಬ್ಯಾಗಿನ ಪಟ್ಟಿಯವರೆಗೆ, ಎಳೆದರೆ ತುಂಡಾಗುವ ಏನಿದ್ದರೂ ನಮ್ಮಲ್ಲಿಗೆ ಬರುತ್ತಿತ್ತು. ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂದು ನೋಡಿ ಬರೆದುಕೊಡುವುದು ನಮ್ಮ ಕೆಲಸ. ಮಂಡ್ಯದ ಕಡೆಯಿಂದ ಬಂದ ಹೆಂಗಸೊಬ್ಬಳು ಬೆಳಗಿಂದ ಸಂಜೆವರೆಗೆ ಸಾಮಾನು ಮುರಿದು ಸಂಬಳ ಎಣಿಸುತ್ತಾಳೆ ಎಂದು ನಾವಿದ್ದ ವೆಸ್ಟ್ ಮಾಂಬಲಂನ ಫ್ಲ್ಯಾಟಿನಲ್ಲಿ ಎಲ್ಲರಿಗೂ ತಮಾಷೆ.

ತಮಾಷೆ ಮಾಡುವವರೇ ಆಮೇಲೆ ಸಲಹೆ ಕೇಳಿಕೊಂಡು ಬರುತ್ತಿದ್ದರು. ರಂಗನಾಥನ್ ಬೀದಿಯ ಅಗ್ಗದ ಕುಕ್ಕರ್ ತಗೋಬಹುದಾ, ಈ ಬಟ್ಟೆ ಒಣಹಾಕುವ ದಾರ ಬಾಳಿಕೆ ಬರುತ್ತಾ ಅಂತ. ನನ್ನದು ಯಾವಾಗಲೂ ಒಂದೇ ಉತ್ತರ. ಅಗ್ಗದ್ದು ಬೇಡ, ದುಡ್ಡೂ ದಂಡ, ಸಾಮಾನೂ ದಂಡ. ನಾಲಿಗೆ ಸ್ವಲ್ಪ ಚುರುಕು ನನ್ನದು. ಪ್ರತಿದಿನ ಕಣ್ಣೆದುರಿಗೆ ಕಳಪೆ ಮಾಲು ಟಪ್ ಟಪ್ ಎಂದು ಮುರಿಯುವುದನ್ನು ನೋಡುವವಳಿಗೆ ಬೇರೆ ಉತ್ತರ ಹೊಳೆಯುವುದಾದರೂ ಹೇಗೆ?

ಪರೀಕ್ಷಾಲಯದ ಹಿಂದಿನ ರಸ್ತೆಯಲ್ಲಿ ಒಂದು ಉಡುಪಿ ಸಸ್ಯಾಹಾರಿ ಹೋಟೆಲು. ಅಲ್ಲಿ ವಾಸು ದೋಸೆ ಹಾಕುತ್ತಿದ್ದ, ಅವನ ಅಣ್ಣ ಸದಾಶಿವ ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬುತ್ತಿದ್ದ. ಇಬ್ಬರೂ ಮಲ್ಪೆ ಕಡೆಯ ಮೀನುಗಾರರ ಮನೆಯವರು. ಅಪ್ಪ ತೀರಿಕೊಂಡ ಮೇಲೆ ಸದಾಶಿವ ಮೊದಲು ಚೆನ್ನೈಗೆ ಬಂದು, ಕೆಲಸ ಗಟ್ಟಿಯಾದಾಗ ತಮ್ಮನನ್ನು ಕರೆಸಿಕೊಂಡಿದ್ದ. ಅವನ ಹೆಂಡತಿ ಊರಿನಲ್ಲೇ ಇದ್ದಳು. ವಾಸು ಮಾತಿನ ಮಲ್ಲ, ಸದಾಶಿವನ ಬಾಯಿಂದ ನಾನು ಕೇಳಿದ್ದು ಬಹುಶಃ "ಕಾಫಿ ಸ್ಟ್ರಾಂಗ್ ಬೇಕಾ?" ಎಂಬ ಮಾತೊಂದೇ. ಆದರೆ ನಾನು ಕನ್ನಡದವಳು ಎಂದು ತಿಳಿದ ದಿನದಿಂದ ಅವನು ನನ್ನ ಎಲೆಗೆ ಕೇಳದೇ ಇನ್ನೊಂದು ಸೌಟು ಚಟ್ನಿ ಹಾಕಿಸುತ್ತಿದ್ದ.

ಮಂಗಳವಾರ ಇಬ್ಬರಿಗೂ ರಜೆ. ಅಂದು ರೈಲು ಹತ್ತಿ ಬೀಚ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ತಿರುವೊತ್ತಿಯೂರಿನ ಕಡೆ ಇಳಿಯುತ್ತಿದ್ದರು. ಕಡಲ ಕೊರೆತ ತಡೆಯಲು ಅಲ್ಲಿ ದಡದುದ್ದಕ್ಕೂ ದೊಡ್ಡ ಬಂಡೆಗಳನ್ನು ಸುರಿದಿದ್ದಾರೆ. ಆ ಬಂಡೆಗಳ ಮೇಲೆ ನಿಂತು ಗಾಳ ಹಾಕುವುದು ಅವರ ವಾರದ ಹಬ್ಬ. ಹೋಟೆಲಿನೊಳಗೆ ಮೀನು ತರುವಂತಿಲ್ಲ. ಹಾಗಾಗಿ ಹೋಟೆಲಿನ ಕಲ್ಲಿನಲ್ಲೇ ರುಬ್ಬಿದ ತೆಂಗಿನಕಾಯಿ ಮೆಣಸಿನ ಮಸಾಲೆಯನ್ನು ಟಿಫನ್ ಡಬ್ಬಿಯಲ್ಲಿ ಒಯ್ದು, ಹಿಡಿದದ್ದನ್ನು ದಡದಲ್ಲೇ ಬೇಯಿಸಿ ತಿಂದು, ಸೋಪು ಹಾಕಿ ಮಿಂದು, ಸಂಜೆ ವಿಭೂತಿ ಹಚ್ಚಿಕೊಂಡು ಹಿಂದಿರುಗುತ್ತಿದ್ದರು. "ಮುಖ ನೋಡಿದ್ರೆ ದೇವಸ್ಥಾನಕ್ಕೆ ಹೋಗಿ ಬಂದ ಹಾಗುಂಟು" ಎಂದು ಮಾಲೀಕರು ನಗುತ್ತಿದ್ದರಂತೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದ ಒಳ್ಳೆಯ ಮನುಷ್ಯ.

ಅವರ ದಾರ ಮಾತ್ರ ತೀರಾ ಅಗ್ಗದ್ದು. ಫುಟ್‌ಪಾತಿನಲ್ಲಿ ಬಿಸಿಲಿಗೆ ನೇತುಹಾಕಿ ಮಾರುವ ನೈಲಾನ್. ದೊಡ್ಡ ಮೀನು ಸಿಕ್ಕಿದಾಗಲೆಲ್ಲ ತುಂಡಾಗುತ್ತಿತ್ತು. ಆಗ ಸದಾಶಿವ ತುಂಡು ದಾರ ಹಿಡಿದು ಕಡಲನ್ನೇ ನೋಡುತ್ತ ನಿಂತುಬಿಡುತ್ತಿದ್ದನಂತೆ. "ಅಣ್ಣನ ಆ ಮುಖ ನೋಡ್ಲಿಕ್ಕೆ ಆಗುದಿಲ್ಲ ಮೇಡಂ" ಎಂದು ವಾಸು ಒಮ್ಮೆ ದೋಸೆ ಮಗುಚುತ್ತಲೇ ಹೇಳಿದ್ದ.

ಆ ವರ್ಷ ದೀಪಾವಳಿಯ ಬೋನಸ್ ಬಂದಾಗ ವಾಸು ತನಗೆ ಅಂಗಿ ಕೊಳ್ಳಲಿಲ್ಲ. ಬಂದರಿನ ಹತ್ತಿರದ ಪ್ಯಾರೀಸ್ ಕಾರ್ನರಿಗೆ ಹೋಗಿ, ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ವಿದೇಶಿ ನೈಲಾನ್ ದಾರದ ಒಂದು ಉರುಳೆ ತಂದು ಅಣ್ಣನ ಕೈಗಿಟ್ಟ. ಐವತ್ತು ಕೆ.ಜಿ. ತಡೆಯುತ್ತದೆ ಎಂದು ಅದರ ಮೇಲೆ ಬರೆದಿತ್ತು. ಮುಂದಿನ ಮಂಗಳವಾರ ಇನ್ನೊಬ್ಬ ದೋಸೆಯವನು ಕೈಕೊಟ್ಟದ್ದರಿಂದ ವಾಸುವಿನ ರಜೆ ರದ್ದಾಯಿತು. ಹೊಸ ದಾರ ಇಟ್ಟುಕೊಂಡು ಕಾಯುವುದು ಸದಾಶಿವನಿಂದ ಆಗಲಿಲ್ಲ. ಒಬ್ಬನೇ ಹೋದ.

ಮರುದಿನ ಬೆಳಿಗ್ಗೆ ಅಲ್ಲಿನ ಮೀನುಗಾರರು ಬಂಡೆಗಳ ಸಂದಿಯಲ್ಲಿ ಅವನ ಶವ ಕಂಡರು. ಕಾಲು ಜಾರಿ ಕಡಲಿಗೆ ಬಿದ್ದದ್ದು ಎಂದು ಪೊಲೀಸರು ಬರೆದು ಮುಗಿಸಿದರು. ಮಳೆಗಾಲದ ಕಡಲು, ಪಾಚಿ ಹಿಡಿದ ಕಲ್ಲು; ಅವರದು ತಪ್ಪು ಎನ್ನುವಂತಿರಲಿಲ್ಲ.

ಅಂತ್ಯಕ್ರಿಯೆಗೆ ಊರಿಗೆ ಹೋಗಿ ಬಂದ ವಾಸು ಒಂದು ಮಧ್ಯಾಹ್ನ, ಊಟದ ಗಲಾಟೆ ಮುಗಿದ ಹೊತ್ತಿಗೆ ಪರೀಕ್ಷಾಲಯಕ್ಕೆ ಬಂದ. ಹೋಟೆಲಿನ ಹೊರಗೆ ನಾನು ಅವನನ್ನು ನೋಡಿದ್ದು ಅದೇ ಮೊದಲು. ಬಾಗಿಲಲ್ಲೇ ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಬನ್ನಿ ವಾಸು, ಕೂತ್ಕೊಳ್ಳಿ" ಎಂದೆ. ಕೂರಲಿಲ್ಲ.

"ಮೇಡಂ, ಇಲ್ಲಿ ದಾರ ಎಳೆದು ನೋಡುವ ಮಿಷಿನ್ ಉಂಟಲ್ಲ? ಇದನ್ನೊಮ್ಮೆ ನೋಡಿ ಕೊಡ್ಬೇಕು."

ಚೀಲದಲ್ಲಿ ಮೂರು ಸಾಮಾನು. ಹೊಸ ದಾರದ ಉರುಳೆಯಲ್ಲಿ ಉಳಿದದ್ದು. ಅವರ ಹಳೆಯ ಫುಟ್‌ಪಾತ್ ದಾರದ ಒಂದು ಸುರುಳಿ. ಮತ್ತೆ, ಶವದ ಎಡಗೈಗೆ ಸುತ್ತಿಕೊಂಡಿದ್ದ, ಪೊಲೀಸರು ವಾಚಿನ ಜೊತೆ ಕೊಟ್ಟ ತುಂಡು ದಾರ.

ಅವರ ಪದ್ಧತಿ ನನಗೆ ತಿಳಿದದ್ದು ಆಗಲೇ. ಅವರದು ಕೋಲಿಲ್ಲದ, ಬರೀ ಕೈದಾರದ ಗಾಳ. ಒಂದು ತುದಿಗೆ ಗಾಳ ಮತ್ತು ಸೀಸದ ಗುಂಡು. ಇನ್ನೊಂದು ತುದಿಯನ್ನು ಎಡಗೈಯ ಮಣಿಕಟ್ಟಿಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿಕೊಳ್ಳುತ್ತಾರೆ. ಮೀನು ಮುಟ್ಟಿದ್ದು ಮೈಗೇ ತಿಳಿಯಬೇಕು ಎಂದು ಅಜ್ಜ ಹಾಗೆ ಮಾಡುತ್ತಿದ್ದ, ಅಪ್ಪ ಮಾಡುತ್ತಿದ್ದ, ಇವರೂ ಮಾಡುತ್ತಿದ್ದರು. ಅಜ್ಜನದು ನಾಲ್ಕು ಮಳೆಗಾಲ ಕಂಡ ಹತ್ತಿಯ ಹುರಿ. ಮನುಷ್ಯನನ್ನು ಎಳೆಯುವಷ್ಟು ದೊಡ್ಡ ಮೀನು ಸಿಕ್ಕಿದರೆ ಹುರಿಯೇ ತುಂಡಾಗುತ್ತಿತ್ತು. ಆ ಮನೆಯಲ್ಲಿ ಗಾಳದಿಂದ ಯಾರಿಗೂ ಏನೂ ಆದದ್ದಿಲ್ಲ.

"ಅಣ್ಣನಿಗೆ ಈಜು ಬರುದಿಲ್ಲ ಅಂತಲ್ಲ ಮೇಡಂ. ನನಗೆ ಈಜು ಕಲಿಸಿದ್ದೇ ಅವ. ಕಾಲು ಜಾರಿದ್ರೂ ಎದ್ದು ಬರ್ತಿದ್ದ. ಈ ದಾರ ಡೂಪ್ಲಿಕೇಟ್. ಅಣ್ಣ ಜೋರಾಗಿ ಎಳೆಯುವಾಗ ಪಟ್ಟನೆ ತುಂಡಾಗಿದೆ, ಅವ ಹಿಂದಕ್ಕೆ ಬಿದ್ದು ಕಲ್ಲಿಗೆ ತಲೆ ಹೊಡೆದಿದೆ. ಅತ್ತಿಗೆ ಎಂತ ಆಯ್ತು ಅಂತ ಕೇಳ್ತಾರೆ. ಅಂಗಡಿಯವ ಮೋಸ ಮಾಡಿದ ಅಂತ ನೀವೊಂದು ಬರೆದು ಕೊಡಿ. ನಾನು ಅದನ್ನು ಅತ್ತಿಗೆಗೆ ತೋರಿಸ್ಬೇಕು."

ಅವನು ಕೇಳುತ್ತಿದ್ದದ್ದು ಪರೀಕ್ಷೆಯನ್ನಲ್ಲ, ಬಿಡುಗಡೆಯನ್ನು. ಅದು ನನಗೆ ಅರ್ಥವಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನಾನೂ ಅದನ್ನೇ ಬಯಸಿದೆ. ಪೆಟ್ಟಿಗೆಯ ಮೇಲೆ ಬರೆದದ್ದು ಒಂದು, ಒಳಗಿನ ಮಾಲು ಇನ್ನೊಂದು ಎನ್ನುವ ವ್ಯಾಪಾರವನ್ನು ನಾನು ಎಷ್ಟು ಕಂಡಿರಲಿಲ್ಲ! ಆ ಅಂಗಡಿಯವನ ಬಣ್ಣ ಬಯಲು ಮಾಡುತ್ತೇನೆ ಎಂದು ಹಲ್ಲು ಕಚ್ಚಿ, ನಿರ್ದೇಶಕರ ಒಪ್ಪಿಗೆ ಪಡೆದು, ಕೆಲಸಕ್ಕೆ ಕೂತೆ.

ಮೊದಲು ಎಳೆತದ ಪರೀಕ್ಷೆ. ನಮ್ಮ ಯಂತ್ರಕ್ಕೆ ಮೇಲೊಂದು ಕೆಳಗೊಂದು ಹಿಡಿಕೆ. ನಡುವೆ ದಾರ ಕಟ್ಟಿದರೆ ಮೇಲಿನ ಹಿಡಿಕೆ ನಿಧಾನಕ್ಕೆ ಏರುತ್ತದೆ, ದಾರ ತುಂಡಾದ ಕ್ಷಣದ ಭಾರ ಪರದೆಯ ಮೇಲೆ ನಿಲ್ಲುತ್ತದೆ. ಹಳೆಯ ಫುಟ್‌ಪಾತ್ ದಾರವನ್ನು ಮೊದಲು ಕಟ್ಟಿದೆವು. ಹನ್ನೆರಡು ಕೆ.ಜಿ.ಗೆ ಹೋಯಿತು. ನೀರಿನಲ್ಲಿ ನೆನೆಸಿ, ಗಂಟು ಹಾಕಿ ಎಳೆದಾಗ ಏಳನ್ನೂ ಮುಟ್ಟಲಿಲ್ಲ. ನೈಲಾನ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಗಂಟಿನ ಜಾಗದಲ್ಲಿ ಇನ್ನಷ್ಟು. ಆಮೇಲೆ ಹೊಸ ಉರುಳೆಯ ದಾರ. ಪರದೆಯ ಅಂಕಿ ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಸಾಕು, ಈಗ ಮುರಿ ಎಂದು ನಾನು ಯಂತ್ರದ ಮುಂದೆ ಮನಸ್ಸಿನಲ್ಲೇ ಬೇಡುತ್ತಿದ್ದೆ. ನಲವತ್ತು ದಾಟಿತು. ಐವತ್ತನಾಲ್ಕಕ್ಕೆ ಬಂದೂಕಿನ ಸದ್ದು ಮಾಡಿ ತುಂಡಾಯಿತು. ಯಂತ್ರ ನಡೆಸುತ್ತಿದ್ದ ಸೆಲ್ವಂಗೆ ಹಿನ್ನೆಲೆ ಗೊತ್ತಿರಲಿಲ್ಲ. ಖುಷಿಯಿಂದ ತಿರುಗಿ, "ನಲ್ಲ ಸರಕ್ಕು ಮೇಡಂ!" ಅಂದ. ಒಳ್ಳೆಯ ಮಾಲು. ನಾನು ಇನ್ನೊಂದು ತುಂಡು ಕಟ್ಟಿಸಿದೆ. ಮತ್ತೊಂದು. ಒದ್ದೆ ಮಾಡಿ ಗಂಟು ಹಾಕಿದರೂ ಅದು ಹಳೆಯದರ ನಾಲ್ಕು ಪಟ್ಟು ತಡೆಯಿತು.

ಇನ್ನುಳಿದದ್ದು ಮಣಿಕಟ್ಟಿನ ದಾರದ ತುದಿ. ಎಳೆತಕ್ಕೆ ತುಂಡಾದ ನೈಲಾನ್ ತುದಿ ಸೂಕ್ಷ್ಮದರ್ಶಕದಲ್ಲಿ ಅಣಬೆಯ ತಲೆಯ ಹಾಗೆ ಊದಿಕೊಂಡಿರುತ್ತದೆ, ಹಿಂದಿನ ಭಾಗ ಸುರುಳಿ ಸುತ್ತಿರುತ್ತದೆ. ಇದರಲ್ಲಿ ಅದ್ಯಾವುದೂ ಇರಲಿಲ್ಲ. ಒಂದು ಬದಿ ಸವೆದು ಚಪ್ಪಟೆಯಾಗಿತ್ತು, ಉದ್ದಕ್ಕೂ ಗೀರುಗಳು. ಕಲ್ಲಿಗೆ ಉಜ್ಜಿ ಉಜ್ಜಿ, ಎಳೆ ತೆಳುವಾಗಿ, ಕೊನೆಗೆ ಬಿಟ್ಟುಕೊಂಡ ತುದಿ ಅದು. ಅಂದರೆ ಸದಾಶಿವ ನೀರಿಗೆ ಬಿದ್ದಾಗ ದಾರ ತುಂಡಾಗಿರಲಿಲ್ಲ. ಅವನ ಕೈಯನ್ನು ಅದು ಬಿಟ್ಟಿರಲಿಲ್ಲ. ಇನ್ನೊಂದು ತುದಿಯಲ್ಲಿ ದೊಡ್ಡ ಮೀನಿತ್ತೋ, ಗಾಳವೇ ಬಂಡೆಗೆ ಸಿಕ್ಕಿತ್ತೋ, ಯಾವ ಯಂತ್ರವೂ ಹೇಳಲಾರದು. ಬಿಗಿದ ದಾರದ ಗಂಟನ್ನು ಒಂದು ಕೈಯಲ್ಲಿ ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ಈಜು ಬಂದರೂ ಅಷ್ಟೆ.

ನಮ್ಮ ವರದಿಯ ಕೊನೆಯಲ್ಲಿ ಫಲಿತಾಂಶ ಬರೆಯಬೇಕು. ತೃಪ್ತಿಕರ ಎಂಬ ಪದ. ಸಾವಿರ ಸಲ ಬರೆದ ಪದವನ್ನು ಅಂದು ಬರೆಯುವಾಗ ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ವಾಸು ಮತ್ತೆ ಬಂದಾಗ ಕೂರಿಸಿ, ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ಆ ಕಾಗದ ಹಿಡಿದು ಅವನು ಅಂಗಡಿಯವನ ಕುತ್ತಿಗೆಪಟ್ಟಿ ಹಿಡಿಯುವವನು, ಊರಿಡೀ ಅವನ ಹೆಸರು ಹೇಳುವವನು. ತಪ್ಪಿಲ್ಲದವನ ತಲೆಗೆ ಒಂದು ಸಾವನ್ನು ಕಟ್ಟಲು ನನಗೆ ಆಗಲಿಲ್ಲ.

ಅವನು ಮೇಜಿನ ಮೇಲಿದ್ದ ಹೊಸ ಉರುಳೆಯನ್ನು ಬೆರಳಿನಿಂದ ತಿರುಗಿಸಿದ.

"ಹಾಗಾದ್ರೆ ಒಳ್ಳೇ ದಾರವೇ?"

"ಒಳ್ಳೇದೇ, ವಾಸು."

"ಮತ್ತೆ ಹಳೇದು ಆಗಿದ್ರೆ?"

ನಾನು ಉತ್ತರಿಸುವ ಮೊದಲೇ ಅವನು ಮೇಜಿನ ಮೇಲಿದ್ದ ಹಳೆಯ ದಾರವನ್ನು ತೆಗೆದು ಎಡಗೈ ಮಣಿಕಟ್ಟಿಗೆ ನಾಲ್ಕು ಸುತ್ತು ಸುತ್ತಿದ. ಬಲಗೈಗೆ ಇನ್ನೊಂದು ತುದಿ ಸುತ್ತಿ ಒಮ್ಮೆ ಜಗ್ಗಿದ. ಟಪ್. ತುಂಡಾದ ದಾರವನ್ನು ನೋಡಿದ. ಆಮೇಲೆ ಹೊಸ ಉರುಳೆಗೆ ಕೈ ಹಾಕಿದ. ನಾನು ಎದ್ದು ಅವನ ಎರಡೂ ಕೈಗಳನ್ನು ಹಿಡಿದುಕೊಂಡೆ.

"ಬೇಡಪ್ಪ" ಎಂದೆ. "ಬೇಡ. ನೀವು ಪ್ರೀತಿಯಿಂದ ಕೊಟ್ರಿ. ಕೈಗೆ ಕಟ್ಕೊಳ್ಳೋದು ನಿಮ್ಮ ಅಜ್ಜನ ಕಾಲದ ರೂಢಿ. ಎರಡೂ ತಪ್ಪಲ್ಲ."

"ಎರಡೂ ತಪ್ಪಲ್ಲದಿದ್ರೆ ಅಣ್ಣ ಎಲ್ಲಿ ಮೇಡಂ?" ಎಂದ. ಅಷ್ಟು ದೊಡ್ಡ ಗಂಡಸು ನನ್ನ ಮೇಜಿಗೆ ತಲೆಯಿಟ್ಟು ಗೋಳೋ ಎಂದು ಅತ್ತ. ಸೆಲ್ವಂ ಯಂತ್ರ ನಿಲ್ಲಿಸಿದ.

ವರದಿಯನ್ನು ಅವನು ಒಯ್ಯಲಿಲ್ಲ. ಆದರೆ ಅಣ್ಣನ ವರ್ಷಾಂತಿಕಕ್ಕೆ ಊರಿಗೆ ಹೋದಾಗ ಅತ್ತಿಗೆಗೆ ನಡೆದದ್ದನ್ನೆಲ್ಲ ಬಾಯಲ್ಲೇ ಹೇಳಿದ. ಮರಳಿ ಬಂದ ಮೇಲೆ ಹೋಟೆಲಿನಲ್ಲಿ ನಾನೇ ಕೇಳಿದೆ, ಅವರೇನಂದರು ಎಂದು. ವಾಸು ದೋಸೆಯ ಮೇಲೆ ಎಣ್ಣೆ ಬಿಡುತ್ತಲೇ ಹೇಳಿದ:

"ಗಾಳಕ್ಕೆ ಹೋಗುವ ಹಿಂದಿನ ದಿನ ಅಣ್ಣ ಫೋನ್ ಮಾಡಿದ್ದನಂತೆ ಮೇಡಂ. ತಮ್ಮ ಒಂದು ದಾರ ತಂದಿದ್ದಾನೆ, ಇನ್ನು ನನ್ನ ಕೈಯಿಂದ ಯಾವ ಮೀನೂ ತಪ್ಪುದಿಲ್ಲ ಅಂತ. ಅಷ್ಟು ನಕ್ಕದ್ದು ಅವರು ಕೇಳಿದ್ದೇ ಇಲ್ವಂತೆ. ಇದನ್ನು ಹೇಳಿ, ಅತ್ತಿಗೆ ನನಗೆ ಊಟ ಬಡಿಸಿದ್ರು."

ಅವನು ಮತ್ತೆಂದೂ ಗಾಳ ಹಿಡಿಯಲಿಲ್ಲ. ನಾನು ಇನ್ನೂ ಕೆಲವು ವರ್ಷ ಸಾಮಾನು ಮುರಿದು ನಿವೃತ್ತಳಾದೆ. ಮನೆಯ ವಿದ್ಯುತ್ತಿಗೆ ಫ್ಯೂಸ್ ಇಡುವುದು ಅದು ಮೊದಲು ಸುಟ್ಟು ಮನೆಯನ್ನು ಉಳಿಸಲಿ ಎಂದು. ಇದನ್ನು ನಾನು ಕಾಲೇಜಿನಲ್ಲೇ ಓದಿದ್ದೆ. ಒಂದು ಬಡ ಮನೆಯಲ್ಲಿ ಮೂರು ತಲೆಮಾರು ಅಗ್ಗದ ದಾರವೇ ಫ್ಯೂಸಾಗಿತ್ತು, ಅದು ಫ್ಯೂಸು ಎಂದು ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ಕಲಿಸಿದ್ದು ವೃತ್ತಿ.

ಈಗ ನೆರೆಯವರು ಯಾರಾದರೂ ಅಗ್ಗದ್ದು ತಗೋಬಹುದಾ ಎಂದರೆ ನಾನು ಥಟ್ಟನೆ ಬೇಡ ಎನ್ನುವುದಿಲ್ಲ. ಮುರಿದರೆ ಯಾರಿಗೆ ಏನಾಗುತ್ತದೆ ಎಂದು ಕೇಳುತ್ತೇನೆ. ಆಮೇಲೆ, ಮುರಿಯದೇ ಹೋದರೆ ಯಾರಿಗೆ ಏನಾಗುತ್ತದೆ ಎಂದೂ ಕೇಳುತ್ತೇನೆ. ಎರಡನೆಯದನ್ನು ಕೇಳುವಾಗ ನನ್ನ ಬಲಗೈ ತಾನಾಗಿ ಎಡಗೈಯ ಮಣಿಕಟ್ಟನ್ನು ಹಿಡಿದುಕೊಳ್ಳುತ್ತದೆ.