ನೀರು ಬಂದ ವರ್ಷದ ಪೇಪರು

ನಮ್ಮ ಮನೆತನಕ್ಕೆ ಇಸವಿಗಳ ಗೊಡವೆ ಇಲ್ಲ. ಯಾರು ಯಾವಾಗ ಹುಟ್ಟಿದರು, ಯಾವಾಗ ಸತ್ತರು ಎಂದು ಕೇಳಿದರೆ ಉತ್ತರ ಒಂದೇ: ಕೆನಾಲಿಗೆ ನೀರು ಬಂದ ವರ್ಷ, ಇಲ್ಲವೇ ಅದರ ಆಚೆ ಈಚೆ. ಅವ್ವನ ಕಿವಿ ಚುಚ್ಚಿದ್ದು ನೀರು ಬರುವ ಮುಂಚೆ. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಜ್ವರ ಬಂದು ತೀರಿಕೊಂಡದ್ದು ನೀರು ಬಂದ ಎರಡು ತಿಂಗಳಿಗೆ. ಯಾದಗಿರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಬಾದಶಹರ ಇಸವಿಗಳನ್ನು ಬಾಯಿಪಾಠ ಮಾಡಿಸುವ ನಾನು ಹುಟ್ಟಿದ್ದು ಇಂಥ ಮನೆಯಲ್ಲಿ.

ಅಜ್ಜನ ಫೋಟೊ ಮನೆಯಲ್ಲಿ ಒಂದೂ ಇಲ್ಲ. ಆದರೆ ಪೇಪರಿನಲ್ಲಿ ಬಂದಿತ್ತು! ಶಹಾಪುರದ ಬದಿಯ ಅವ್ವನ ತವರೂರಿಗೆ ಮೊದಲ ಸಲ ನೀರು ಬಿಟ್ಟಾಗ ಮಂತ್ರಿಗಳ ಜೊತೆ ಅಜ್ಜನೂ ಫೋಟೊದಲ್ಲಿದ್ದನಂತೆ. ಹೀಗೆ ಹೇಳುತ್ತಿದ್ದವನು ಅವ್ವನ ಅಣ್ಣ, ನನ್ನ ಮಾವ. ನಾನು ಚಿಕ್ಕವನಿದ್ದಾಗ ಅವನ ಕಥೆಯಲ್ಲಿ ಅಜ್ಜ ಮಂತ್ರಿಯ ಹಿಂದೆ ಎಲ್ಲೋ ನಿಂತಿದ್ದ. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಪಕ್ಕಕ್ಕೆ ಬಂದ. ನನಗೆ ನೌಕರಿ ಸಿಗುವ ಹೊತ್ತಿಗೆ ಮಂತ್ರಿಯೇ ಅಜ್ಜನ ಹೆಗಲ ಮೇಲೆ ಕೈ ಹಾಕಿ, ನೀರು ಬಿಡೋಣವೇ ಎಂದು ಕೇಳಿದ್ದರು. ಇನ್ನೈದು ವರ್ಷ ಸುಮ್ಮನಿದ್ದಿದ್ದರೆ ಅಣೆಕಟ್ಟನ್ನೂ ಅಜ್ಜನೇ ಕಟ್ಟಿಸಿಬಿಡುತ್ತಿದ್ದ.

ಆ ಪೇಪರನ್ನು ಅಜ್ಜಿ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದಳು. ಒಂದು ಉಗಾದಿಗೆ ಮನೆಗೆ ಸುಣ್ಣ ಹಚ್ಚಿದರು. ಹೊಸದಾಗಿ ಬಂದ ಸೊಸೆ, ಅಂದರೆ ನನ್ನ ಅತ್ತಿ, ಅಡುಗೆಮನೆಯ ಹಲಗೆಗೆ ಹಾಸಲು ಏನೂ ಸಿಗದೆ ಅದನ್ನೇ ತೆಗೆದು, ಅಂಚಿಗೆ ಕತ್ತರಿಯಿಂದ ಜಾಲರಿ ಬಿಡಿಸಿ, ಮೇಲೆ ಸ್ಟೀಲ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಜಾಲರಿ ಬಹಳ ಚಂದ ಬಂದಿತ್ತೆಂದು ಓಣಿಯವರೆಲ್ಲ ಹೊಗಳಿದರಂತೆ. ಮುಂದಿನ ಉಗಾದಿಗೆ ಮಂತ್ರಿಯೂ ಅಜ್ಜನೂ ಒಟ್ಟಿಗೆ ಒಲೆ ಸೇರಿದರು.

ಅವ್ವ ಈ ಕಥೆಗಳ ನಡುವೆ ಬಾಯಿ ಹಾಕಿದವಳಲ್ಲ. ಅಪ್ಪ ಸತ್ತಾಗ ಅವಳಿಗೆ ನಾಲ್ಕೋ ಐದೋ ವರ್ಷ. ನೀರು ಬಂದ ದಿನ ಅವನ ಹೆಗಲ ಮೇಲೆ ಕೂತಿದ್ದದ್ದು, ಅವನ ರುಮಾಲು ಜಗ್ಗಿ ಬಿಚ್ಚಿದ್ದು, ಆದರೂ ಅವನು ಬೈಯದೆ ಇದ್ದದ್ದು, ಇಷ್ಟೇ ಅವಳ ಪಾಲಿಗೆ ಉಳಿದ ಅಪ್ಪ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, ಪಟ್ಟಿ ಬಿಚ್ಚಿದ ದಿನ ಅಂದಳು: “ಕಣ್ಣೇನೋ ಚಲೋ ಆದ್ವು. ಆದ್ರ ನಮ್ಮಪ್ಪನ ಮುಖ ನೆನಪಿಗೇ ಬರವಲ್ದು ನೋಡಪಾ. ಒಂದ್ಸಲ ನೋಡಿದ್ರ ಸಾಕಿತ್ತು.”

ಆ ಪೇಪರಿನ ಇನ್ನೊಂದು ಪ್ರತಿ ಹುಡುಕಲು ಆ ವಾರವೇ ಹೊರಟೆ.

ಶಹಾಪುರದಲ್ಲಿ ಒಬ್ಬ ಮುದುಕರಿದ್ದರು, ಹಿಂದೆ ಪೇಪರ್ ಏಜೆಂಟ್ ಆಗಿದ್ದವರು. ದಿನಕ್ಕೊಂದು ಪ್ರತಿಯಂತೆ ಎತ್ತಿಟ್ಟು, ವರ್ಷಕ್ಕೊಂದು ಗಂಟು ಕಟ್ಟಿ, ಗಂಟುಗಳನ್ನೇ ಒತ್ತಟ್ಟಿಗೆ ಜೋಡಿಸಿ, ಮೇಲೆ ಕೌದಿ ಹಾಸಿ ಮಂಚ ಮಾಡಿಕೊಂಡಿದ್ದರು. ನಮ್ಮ ಜಿಲ್ಲೆಯ ಇತಿಹಾಸದ ಮೇಲೆ ಇಷ್ಟು ನಿಶ್ಚಿಂತೆಯಿಂದ ಮಲಗಿದವರನ್ನು ನಾನು ಬೇರೆ ಕಂಡಿಲ್ಲ.

“ಯಾವ ವರ್ಷದ್ದು ಬೇಕ್ರಿ ಮಾಸ್ತರ?”

“ಕೆನಾಲಿಗೆ ನೀರು ಬಂದ ವರ್ಷದ್ದು,” ಎಂದೆ, ಇತಿಹಾಸದ ಮಾಸ್ತರನ ಗತ್ತಿನಲ್ಲಿ.

ಮುದುಕರು ನನ್ನನ್ನು ಕರುಣೆಯಿಂದ ನೋಡಿದರು. “ಯಾವ ಊರಿನ ನೀರ್ರಿ? ಒಂದೊಂದು ಊರಿಗೆ ಒಂದೊಂದು ವರ್ಷ ಬಂದೈತಿ. ಕೆಲವು ಊರಿಗೆ ಆ ವರ್ಷ ಇನ್ನೂ ಬಂದೇ ಇಲ್ಲ.”

ಮಾವನಿಗೆ ಫೋನ್ ಹಚ್ಚಿದೆ. ಅವನು ಯೋಚಿಸುವ ಗೋಜಿಗೂ ಹೋಗದೆ ಒಂದು ಇಸವಿ ಹೇಳಿದ. ಮುದುಕರು ಮಂಚದ ಕಾಲಿನ ಕಡೆಯಿಂದ ಆ ಗಂಟು ಎಳೆದುಕೊಟ್ಟರು. ಮೂರು ಭಾನುವಾರ ಕೆಮ್ಮುತ್ತ ಹಾಳೆ ತಿರುವಿದೆ. ಮಂತ್ರಿಗಳಿಗೇನೂ ಬರವಿರಲಿಲ್ಲ. ಊರೂರಿಗೂ ಅದೇ ಹಾರ, ಅದೇ ನಗೆ, ತಾವೇ ಬೆಟ್ಟದಿಂದ ಹೊತ್ತು ತಂದ ನೀರು ಎಂಬ ಅದೇ ಠೀವಿ. ಅಜ್ಜ ಮಾತ್ರ ಎಲ್ಲೂ ಇರಲಿಲ್ಲ. ಮತ್ತೆ ಮಾವನಿಗೆ ಫೋನ್ ಮಾಡಿದೆ.

“ಮಾವ, ಅವತ್ತ ನೀ ಊರಾಗ ಇದ್ದಿ ಹೌದಲ್ಲೋ?”

“ಊರಾಗ ಹ್ಯಾಂಗ ಇರ್ಲಿ? ಸುರಪುರದಾಗ ಹಾಸ್ಟೆಲ್‌ನ್ಯಾಗ ಇದ್ದೆ. ಅಲ್ಲಿ ಮೊದಲು ನೀರು ಬಂತು, ನಾನೇ ಕಣ್ಣಾರೆ ನೋಡೀನಿ.”

“ಮತ್ತ ಆ ಪೇಪರು?”

“ನಮ್ಮವ್ವ ಟ್ರಂಕಿನಾಗ ಇಟ್ಟಿದ್ದಳಲ್ಲೋ. ಮುಟ್ಟಾಕ ಎಲ್ಲಿ ಕೊಡ್ತಿದ್ದಳು?”

ನಮ್ಮ ಮನೆತನದ ಏಕೈಕ ಪ್ರತ್ಯಕ್ಷ ಸಾಕ್ಷಿ ಬೇರೆ ಊರಿನ ನೀರನ್ನು ನೋಡಿ, ನೋಡದ ಫೋಟೊಕ್ಕೆ ನಲವತ್ತು ವರ್ಷ ವಿವರಣೆ ಕೊಟ್ಟಿದ್ದ. ಸಿಟ್ಟು ನೆತ್ತಿಗೇರಿತು. ಆಮೇಲೆ ನಾಚಿಕೆಯೂ ಆಯಿತು. ಅವತ್ತು ನಿಜವಾಗಿ ಸ್ಥಳದಲ್ಲಿದ್ದವಳು ನಮ್ಮ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೀರು ಬಂದದ್ದು ಯಾವ ದಿನ ಎಂದು ಈಗ ಕೇಳಿದೆ.

“ಎಳ್ಳಮಾಸಿ ಮರುದಿನ,” ಅಂದಳು ಅವ್ವ, ರೊಟ್ಟಿಯಿಂದ ಕಣ್ಣೆತ್ತದೆ. “ಹಿಂದಿನ ದಿನ ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿದ್ವಿ. ಉಳಿದ ಸಜ್ಜಿ ರೊಟ್ಟಿ ನನ್ನ ಕೈಯಾಗ ಇತ್ತು.”

ಈ ಸಲ ನಾನು ಇಸವಿ ಬಿಟ್ಟು ಊರಿನ ಹೆಸರು ಹೇಳಿದ ಕೂಡಲೇ ಮುದುಕರು ಸುರಪುರದ ನೀರಿಗಿಂತ ಎರಡು ವರ್ಷ ಈಚಿನ ಗಂಟು ಎಳೆದರು. ಅದು ಅವರ ತಲೆದಿಂಬಿನ ಕೆಳಗೇ ಇತ್ತು. ಎಳ್ಳ ಅಮಾವಾಸ್ಯೆ ಕಳೆದ ಮೂರನೆಯ ದಿನದ ಪೇಪರಿನಲ್ಲಿ ಫೋಟೊ ಸಿಕ್ಕಿತು. ಜಾಲರಿಯ ಕಥೆಯನ್ನು ನನ್ನಿಂದ ಕೇಳಿದ್ದ ಅವರು ಇಡೀ ಹಾಳೆಯನ್ನೇ ಮಡಚಿ ಕೈಗಿಟ್ಟರು. “ಒಯ್ರಿ. ಹಲಗಿಗೆ ಹಾಸಬ್ಯಾಡ್ರಿ ಅಂತ ಮನ್ಯಾಗ ಹೇಳ್ರಿ.”

ಮನೆಗೆ ಬಂದಾಗ ಮಾವ ಆಗಲೇ ಹಾಜರಿದ್ದ. ಹಾಳೆ ಬಿಡಿಸಿದ್ದೇ ತಡ, ಮಂತ್ರಿಯ ಪಕ್ಕದ ಕೋಟಿನವನ ಮೇಲೆ ಬೆರಳಿಟ್ಟ. “ನೋಡು! ನಮ್ಮಪ್ಪ! ನಾ ಹೇಳಿದ್ದಿಲ್ಲೇನು?”

“ಅಂವ ಇಂಜಿನಿಯರ್ ಇದ್ದಾನಣ್ಣಾ,” ಅಂದಳು ಅವ್ವ. “ನಮ್ಮಪ್ಪ ಕೋಟು ಎಲ್ಲಿಂದ ತರಬೇಕು?”

ಅವಳ ಬೆರಳು ಫೋಟೊದ ಮೂಲೆಗೆ ಸರಿಯಿತು. ದೊಡ್ಡವರೆಲ್ಲ ಕ್ಯಾಮರಾದಲ್ಲಿ ಬೀಳಲು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾಗ, ಒಬ್ಬನೇ ಒಬ್ಬ ಮನುಷ್ಯ ಅವರಿಗೂ ಕ್ಯಾಮರಾಕ್ಕೂ ಬೆನ್ನು ಮಾಡಿ, ಕಾಲುವೆಯ ಅಂಚಿನಲ್ಲಿ ತಲೆ ಬಗ್ಗಿಸಿ ನೀರು ನೋಡುತ್ತ ನಿಂತಿದ್ದ. ರುಮಾಲು ಬಿಚ್ಚಿ ಬೆನ್ನ ಮೇಲೆ ಇಳಿಬಿದ್ದಿತ್ತು. ಹೆಗಲ ಮೇಲೆ ಒಂದು ಹುಡುಗಿ. ಒಂದು ಕೈಯಲ್ಲಿ ರುಮಾಲಿನ ಸೆರಗು, ಇನ್ನೊಂದರಲ್ಲಿ ರೊಟ್ಟಿ. ಅವಳು ಮಾತ್ರ ಹೊರಳಿ, ಬಾಯಿ ತೆರೆದುಕೊಂಡು ನೇರ ನಮ್ಮನ್ನೇ ನೋಡುತ್ತಿದ್ದಳು.

ಮಾವ ಕೋಟಿನವನ ಮೇಲಿಂದ ಬೆರಳು ತೆಗೆದ. ಏನಾದರೂ ಹೇಳಬೇಕಲ್ಲ ಎಂದು ನಾನೇ ಬಾಯಿ ಬಿಟ್ಟೆ. “ನೀನು ಎಷ್ಟು ಚಂದ ಬಿದ್ದೀ ನೋಡವ್ವಾ.”

ಅವ್ವ ಬಹಳ ಹೊತ್ತು ಆ ಹುಡುಗಿಯನ್ನು ನೋಡಿದಳು.

“ಖೋಡಿ,” ಎಂದು ಅವಳನ್ನೇ ಬೈದಳು, ಕಣ್ಣು ಒರೆಸಿಕೊಳ್ಳುತ್ತ. “ಆಗ ಇತ್ಲಾಗ ನೋಡೋದು ಬಿಟ್ಟು ಕೆಳಗ ಬಗ್ಗಿ ನೋಡಿದ್ದರ, ಅವನ ಮುಖ ನೀರಾಗ ಕಾಣ್ತಿತ್ತು.”