ಗಾಫರ್‌ಗೆಂದು ಕಟ್ಟಿದ ಹಾರ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಸಿಂಕಿನ ಮುಂದೆ ನಿಂತು ಕುಕ್ಕರಿನ ಗ್ಯಾಸ್ಕೆಟ್ ತಿಕ್ಕುತ್ತಿದ್ದೆ. ಫೋನು ಹೊಡೆದುಕೊಂಡಿತು. ನೋಡಿದರೆ ಸ್ಯಾಲಿ. ಪಕ್ಕದ ಮನೆಯ ಡೆರೆಕ್ ಅವರ ಮಗಳು, ಲೀಡ್ಸ್‌ನಲ್ಲಿರುವವಳು.

ಹಿಂದಿನ ದಿನವಷ್ಟೇ ಡೆರೆಕ್ ಅವರಿಗೆ ಹೃದಯದ ವಾಲ್ವಿನ ಆಪರೇಷನ್ ಇತ್ತು. ವಯಸ್ಸು ಎಂಬತ್ತೊಂದು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನಾನು ನೋಡುತ್ತಲೇ ಇದ್ದೆ. ಎತ್ತಲಿಲ್ಲ.

ಎತ್ತುವುದಾದರೂ ಹೇಗೆ? ಒಂಬತ್ತು ದಿನದ ಹಿಂದೆ ಆ ಮನುಷ್ಯನ ಫೋಟೋಗೆ ನಾನೇ ಕೈಯಾರೆ ಹಾರ ಹಾಕಿ, ಗಂಧ ಇಟ್ಟು, ಊದುಬತ್ತಿ ಬೆಳಗಿ ಬಂದಿದ್ದೆ. ಆಗ ಅವರು ಮಹಡಿಯಲ್ಲಿ ಶೇವ್ ಮಾಡಿಕೊಳ್ಳುತ್ತಿದ್ದರು.

ಮೊದಲಿನಿಂದ ಹೇಳುತ್ತೇನೆ.

ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಈ ರಸ್ತೆಗೆ ನಾವು ಬಂದಾಗ ಮೊದಲು ಮಾತನಾಡಿಸಿದವರೇ ಡೆರೆಕ್. ನಮ್ಮ ಕಾರಿನ ಸದ್ದು ಕೇಳಿ, ‘ಹಿಂದಿನ ಎಡಗಡೆ ಬ್ರೇಕ್ ಯಾರಿಗಾದರೂ ತೋರಿಸಿ’ ಎಂದಿದ್ದರು. ನಮ್ಮೆಜಮಾನರು ಕಾರಿನ ಕಂಪನಿಯಲ್ಲೇ ಎಂಜಿನಿಯರ್. (ಅವರಿಗೆ ಆ ಸದ್ದು ಕೇಳಿಸಿರಲಿಲ್ಲ. ಇದನ್ನು ಬರೆಯಬೇಡ ಎಂದಿದ್ದಾರೆ.)

ವಯಸ್ಸಿನಲ್ಲಿದ್ದಾಗ ಡೆರೆಕ್ ರೇಸ್ ಕಾರಿನ ಮೆಕ್ಯಾನಿಕ್ ಆಗಿದ್ದರು. ಸಾಮಾನ್ಯ ಡ್ರೈವರ್ ಬಳಿ ಅಲ್ಲ. ಈ ಕಡೆಯ ಅರವತ್ತು ದಾಟಿದ ಗಂಡಸರು ಇವತ್ತಿಗೂ ಆತನ ಹೆಸರೆತ್ತುವಾಗ ದನಿ ತಗ್ಗಿಸುತ್ತಾರೆ. ಡೆರೆಕ್ ಮಾತ್ರ ಹೆಸರು ಹೇಳುವುದೇ ಇಲ್ಲ, ‘ಗಾಫರ್’ ಎನ್ನುತ್ತಾರೆ. ಕೆಲಸ ಕೊಟ್ಟ ಯಜಮಾನನಿಗೆ ಇಲ್ಲಿ ಹಾಗನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಐವತ್ತು ವರ್ಷದ ಮೇಲಾಯಿತು. ರೇಸಿನ ನಡುವೆ, ಒಂದು ತಿರುವಿನಲ್ಲಿ, ಕಾರು ಗೋಡೆಗೆ ಬಡಿದು ಗಾಫರ್ ಹೋದರು. ಪ್ರತಿ ಆಗಸ್ಟಿನಲ್ಲಿ ಆ ದಿನ ಹಳೆಯ ಜೊತೆಗಾರರೆಲ್ಲ ಡೆರೆಕ್ ಮನೆಯಲ್ಲಿ ಸೇರುತ್ತಾರೆ. ಮೊದಲು ಹನ್ನೊಂದು ಜನ ಬರುತ್ತಿದ್ದರಂತೆ. ಈ ವರ್ಷ ಮೂವರು.

ನನಗೆ ರೇಸ್ ಅರ್ಥವಾಗುವುದಿಲ್ಲ. ಹೊರಟ ಜಾಗಕ್ಕೇ ವಾಪಸ್ ಬರಲು ಇಷ್ಟು ಅವಸರ ಯಾಕೆ? ಒಮ್ಮೆ ಡೆರೆಕ್ ಅವರನ್ನೇ ಕೇಳಿದ್ದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು.

ಈ ಸಲ ಅವರೇ ಬೇಲಿಯ ಹತ್ತಿರ ಬಂದರು. ‘ನಿಮ್ಮ ಹಾಲ್‌ನಲ್ಲಿ ಮಾವನ ಫೋಟೋಗೆ ಹೂವು ಹಾಕ್ತೀಯಲ್ಲ, ಅಂಥದ್ದು ಒಂದು ಗಾಫರ್‌ಗೂ ಮಾಡಿಕೊಡ್ತೀಯಾ ಬ್ಯಾಬ್?’ (ಬರ್ಮಿಂಗ್‌ಹ್ಯಾಮ್ ಸುತ್ತಿನವರು ಹೆಂಗಸರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ಮೊದಮೊದಲು ಗಾಬರಿಯಾಗುತ್ತದೆ, ಆಮೇಲೆ ಕರೆಯದಿದ್ದರೆ ಬೇಜಾರಾಗುತ್ತದೆ.)

ಸಂತೋಷವಾಯಿತು. ದೇವರ ದಯೆ, ಕುಂಡದಲ್ಲಿ ಚೆಂಡು ಹೂವು ಬಿಟ್ಟಿತ್ತು. ಬಸವನಹುಳ ಅರ್ಧ ತಿಂದಿದ್ದರೂ ಒಂದು ಹಾರಕ್ಕೆ ಸಾಕಾಯಿತು. ಅವರೆಲ್ಲ ಸೇರುವ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಹಾರ ಕಟ್ಟಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ‘ಹಾಕಿಬಿಡು, ಶೇವ್ ಮುಗಿಸಿ ಬರ್ತೀನಿ’ ಎಂದು ಮೇಲಿನಿಂದಲೇ ಕೂಗಿದರು.

ಮೇಜಿನ ಮೇಲೆ ಎರಡು ಫೋಟೋ. ಇಬ್ಬರಿಗೂ ಒಂದೇ ಬಿಳಿ ಮೇಲುಡುಪು, ಇಬ್ಬರ ಮುಖಕ್ಕೂ ಮಸಿ. ಒಬ್ಬ ಕಣ್ಣು ಕಿರಿದು ಮಾಡಿಕೊಂಡ ಬಡಕಲು ಮನುಷ್ಯ. ಇನ್ನೊಬ್ಬ ಗುಂಗುರು ಕೂದಲಿನ ಸುಂದರಾಂಗ, ಲೋಕವನ್ನೇ ಗೆದ್ದವನಂಥ ನಗು. ಊರೆಲ್ಲ ನೆನೆಯುವ ಮನುಷ್ಯ ಯಾರಿರಬಹುದು? ನೀವಾಗಿದ್ದರೆ ಯಾರಿಗೆ ಹಾಕುತ್ತಿದ್ದಿರಿ?

ಡೆರೆಕ್ ಮುಖ ಒರೆಸಿಕೊಳ್ಳುತ್ತ ಇಳಿದು ಬಂದು ಮೇಜಿನ ಮುಂದೆ ನಿಂತರು.

‘ಅದು ನಾನು, ಬ್ಯಾಬ್.’

ಹಾರ ತೆಗೆಯಲು ಎರಡೂ ಕೈ ಮುಂದೆ ಹೋದವು. ಅವರು ಬಿಡಲಿಲ್ಲ. ‘ಇರಲಿ ಬಿಡು. ಗಾಫರ್‌ಗಿಂತ ನಾನು ಚೆನ್ನಾಗಿದ್ದೆ ಅಂತ ಮೊದಲಿನಿಂದ ಹೇಳ್ತಾನೇ ಇದ್ದೆ, ಒಬ್ಬರೂ ನಂಬಿರಲಿಲ್ಲ.’

‘ಇದು ಹೋದವರಿಗೆ ಹಾಕೋದು, ಡೆರೆಕ್. ಇದ್ದವರಿಗೆ ಹಾಕಬಾರದು.’

‘ಗೊತ್ತು. ಎಂಟು ದಿನ ಮುಂಚೆ ಆಯ್ತು, ಅಷ್ಟೇ.’

ತಮಾಷೆಗೆ ಅಂದರು. ಆಪರೇಷನ್‌ಗೆ ಇನ್ನು ಎಂಟೇ ದಿನ ಇತ್ತು.

ಟೀ ಅವರೇ ಮಾಡಿಕೊಟ್ಟರು. ಆಮೇಲೆ ಬಡಕಲು ಮನುಷ್ಯನ ಫೋಟೋ ಕೈಗೆ ತೆಗೆದುಕೊಂಡು, ಇಷ್ಟು ವರ್ಷದಲ್ಲಿ ಹೇಳದ್ದನ್ನು ಹೇಳಿದರು. ಆ ದಿನ ರೇಸಿಗೆ ಮುಂಚೆ ಅವರು ಬದಲಿ ಚಕ್ರವೊಂದರ ಕೆಲಸದಲ್ಲಿದ್ದರಂತೆ. ಗಾಫರ್ ಪಕ್ಕದಲ್ಲೇ ಹಾದು ಹೋಗುತ್ತಾ ‘ಬರ್ತೀನಿ ಕಣೋ’ ಎಂದರಂತೆ. ಇವರು ತಲೆ ಎತ್ತದೆ ‘ಹೂಂ’ ಎಂದರಂತೆ.

‘ಕಾರಿಂದು ನನ್ನ ತಪ್ಪಲ್ಲ, ಅದನ್ನ ವಿಚಾರಣೆಯವರು ಎಲ್ಲಾ ನೋಡಿ ಹೇಳಿದ್ದಾರೆ. ತಲೆ ಎತ್ತಲಿಲ್ಲವಲ್ಲ, ಅದಷ್ಟೇ. ಅದಕ್ಕೆ ಯಾವ ವಿಚಾರಣೆಯೂ ನಡೆಯೋದಿಲ್ಲ.’

ಮನೆಗೆ ಬಂದೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ‘ಸುಮ್ನಿರೇ, ಚೆಂಡು ಹೂವಿಗೂ ವಾಲ್ವಿಗೂ ಏನು ಸಂಬಂಧ?’ ಎಂದರು ಯಜಮಾನರು. ಮಗಳು ನಿಧಿ ಫೋನಿನಿಂದ ತಲೆ ಎತ್ತದೆಯೇ, ‘ಅಮ್ಮಾ, ಇಟ್ಸ್ ಜಸ್ಟ್ ಅ ಫೋಟೋ’ ಎಂದಳು. ಇಬ್ಬರೂ ಹೇಳಿದ್ದು ಸರಿಯೇ. ಸರಿಯಾದ ಮಾತಿನಿಂದ ಯಾರಿಗಾದರೂ ನಿದ್ದೆ ಬಂದಿದೆಯೇ?

ಮೈಸೂರಿಗೆ ಫೋನು ಮಾಡಿದೆ.

‘ಬದುಕಿರೋರ ಫೋಟೋಗೆ ಹಾರ ಹಾಕಿದ್ಯೇನೇ? ಊದುಬತ್ತಿ ಬೇರೆ ಹಚ್ಚಿದ್ಯಾ?’ ಎಂದರು ಅಮ್ಮ.

‘ಎರಡು ಹಚ್ಚಿದೆ.’

‘ಮೊದಲಿಂದ್ಲೂ ನಿಂಗೆ ಕೈ ಮುಂದು. ಸರಿ, ದಿನಾ ತುಪ್ಪದ ದೀಪ ಹಚ್ಚಿ ಅವರ ಹೆಸರಲ್ಲಿ ಸಂಕಲ್ಪ ಮಾಡ್ಕೊಂಡು ಮೃತ್ಯುಂಜಯ ಹೇಳು. ಗೋತ್ರ ಯಾವುದು?’

‘ಅಮ್ಮ, ಅವರು ಇಂಗ್ಲಿಷಿನವರು.’

‘ಹಾಗಾದ್ರೆ ವಿಳಾಸ ಹೇಳು. ದೇವರು ಹುಡುಕ್ಕೋತಾನೆ.’

ಹೇಳಿದೆ. ಎಂಟು ದಿನ, ಬೆಳಿಗ್ಗೆ ಸಂಜೆ, ಗೋತ್ರ ಹೇಳುವ ಜಾಗದಲ್ಲಿ ಪೋಸ್ಟ್‌ಕೋಡ್ ಹೇಳಿ ನೂರೆಂಟು ಸಲ. ನಗಬೇಡಿ. ಇಲ್ಲಿ ಆಂಬ್ಯುಲೆನ್ಸ್‌ನವರೂ ಮೊದಲು ಕೇಳುವುದು ಅದನ್ನೇ.

ಇಷ್ಟೆಲ್ಲ ಮಾಡಿದವಳು ಸೋಮವಾರ ಮಾಡಿದ್ದೇನು? ಬೆಳಿಗ್ಗೆ ಆರೂವರೆಗೆ ಸ್ಯಾಲಿ ಕಾರು ತಂದು ನಿಲ್ಲಿಸಿದಳು. ಡೆರೆಕ್ ಸಣ್ಣ ಬ್ಯಾಗು ಹಿಡಿದು ಹೊರಬಂದರು. ಒಂದು ಕ್ಷಣ ನಿಂತು ನಮ್ಮ ಬಾಗಿಲ ಕಡೆ ನೋಡಿದರು. ನಾನು ಪರದೆಯ ಹಿಂದೆ ನಿಂತಿದ್ದೆ. ಹಾರ ಹಾಕಿದವಳ ಮುಖವೇ ಎದುರಾಗುವುದು ಬೇಡ, ಶಕುನ ಕೆಡುತ್ತದೆ ಎಂದು ಹೊರಗೆ ಹೋಗಲಿಲ್ಲ.

ಕಾರು ಹೋದ ಮೇಲೆ ಪರದೆ ಸರಿಸಿ ಖಾಲಿ ರಸ್ತೆ ನೋಡಿದೆ. ತಲೆ ಎತ್ತದೆ ‘ಹೂಂ’ ಎಂದ ಹುಡುಗನಿಗೆ ಕೈಯಲ್ಲಿ ಕೆಲಸವಾದರೂ ಇತ್ತು. ನನಗೇನಿತ್ತು? ಇನ್ನು ಐವತ್ತು ವರ್ಷ ನಾನೂ ಒಂದು ಬೆಳಗನ್ನು ಎತ್ತಿ ಎತ್ತಿ ನೋಡಬೇಕೇ?

ಅದಕ್ಕೇ ಮಂಗಳವಾರ ಆ ಫೋನು ಎತ್ತಲು ಕೈ ಬರಲಿಲ್ಲ. ನಿಂತು ಹೋಯಿತು. ಮತ್ತೆ ಹೊಡೆದುಕೊಂಡಿತು. ದೇವರ ಗೂಡಿನ ಕಡೆ ಒಮ್ಮೆ ನೋಡಿ, ಸೋಪಿನ ಕೈಯಲ್ಲೇ ಎತ್ತಿದೆ.

‘ಎಲ್ಲಿದ್ರಿ? ಅಪ್ಪ ಎದ್ದಿದ್ದಾರೆ’ ಎಂದಳು ಸ್ಯಾಲಿ. ‘ಮಾತಾಡ್ತಾ ಇದ್ದಾರೆ. ನರ್ಸ್‌ಗೆ ಕಾರಿನ ಟೈರ್ ಬಗ್ಗೆ ಹೇಳ್ತಿದ್ದಾರೆ. ಇನ್ನೂ ಎರಡು ದಿನ ಏನೂ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರ್. ನಿಮ್ಮನ್ನೇ ಕೇಳಿದರು.’

‘ಏನಂತ?’

‘ಸೋಮವಾರ ಬೆಳಿಗ್ಗೆ ನೀವು ಯಾಕೆ ಕಾಣಲಿಲ್ಲ, ಹುಷಾರಿದ್ದೀರಾ ಅಂತ.’

ಎದೆ ಸೀಳಿಸಿಕೊಂಡು ಮಲಗಿರುವ ಮನುಷ್ಯ ನನ್ನ ಆರೋಗ್ಯ ಕೇಳಿದ್ದಾರೆ. ಏನು ಹೇಳಲಿ? ಹುಷಾರಿಲ್ಲ ಎಂದರೆ ಸುಳ್ಳು, ಇದ್ದೇನೆ ಎಂದರೆ ನಾಚಿಕೆ. ‘ನಾಳೆ ನಾನೇ ಬಂದು ಹೇಳ್ತೀನಿ’ ಎಂದೆ. ವಾರ್ಡಿಗೆ ಬಿಡುವುದು ಎರಡು ಗಂಟೆಯಿಂದ. ಬಸ್ಸಿದೆ, ಬಿಟ್ಟು ಬರಲು ಯಜಮಾನರೂ ಒಪ್ಪಿದ್ದಾರೆ, ಡೆರೆಕ್ ಕಣ್ಣು ಬಿಟ್ಟಿದ್ದಾರೆ. ಮೂರು ಒಳ್ಳೆಯದು ಒಂದೇ ದಿನ. ನಾಲ್ಕನೆಯದನ್ನು ಎರಡು ದಿನ ಕಳೆದ ಮೇಲೆ ಸೇರಿಸಿಕೊಳ್ಳುತ್ತೇನೆ.

ಗಾಫರ್ ಬಗ್ಗೆ ಈ ತಿಂಗಳು ಎಲ್ಲ ಕಡೆ ಬರೆಯುತ್ತಾರೆ. ಅವರು ಎಷ್ಟು ಸೆಕೆಂಡಿನಲ್ಲಿ ಸುತ್ತು ಮುಗಿಸಿದ್ದರು ಎಂದು ಅವರು ಹೋದ ಮೇಲೆ ಹುಟ್ಟಿದವರು ವಾದ ಮಾಡುತ್ತಾರೆ. ಮಾಡಲಿ, ತಪ್ಪೇನಿದೆ? ಆದರೆ ಆ ಕಾರಿಗೆ ಚಕ್ರ ಹಾಕಿದವರು ಪಕ್ಕದ ಮನೆಯಲ್ಲಿ ಒಬ್ಬರೇ ಬ್ರೆಡ್ ಸುಟ್ಟುಕೊಂಡು ತಿನ್ನುತ್ತಿದ್ದರು, ನಾನು ವಾರಕ್ಕೊಮ್ಮೆ ಬೇಲಿಯ ಮೇಲಿಂದ ಕೈ ಬೀಸುತ್ತಿದ್ದೆ.

ಫೋನಿಟ್ಟ ಮೇಲೆ ಜ್ಞಾಪಕವಾಯಿತು, ಬುಧವಾರ ಬೆಳಿಗ್ಗೆಯೇ ಬಿನ್ನಿನ ಕಸ ಒಯ್ಯಲು ಕೌನ್ಸಿಲ್ ಲಾರಿ ಬರುತ್ತದೆ. ಕೈ ಒರೆಸಿಕೊಂಡು ಹೊರಗೆ ಹೋದೆ. ನಮ್ಮ ಬಿನ್ ಎಳೆದು ರಸ್ತೆಯ ಅಂಚಿಗೆ ಇಟ್ಟೆ. ಆಮೇಲೆ ಡೆರೆಕ್ ಅವರ ಗೇಟು ತೆಗೆದೆ.

ವೇಗವಾಗಿ ಹೋದವರನ್ನು ಊರೇ ನೆನೆಯುತ್ತದೆ. ನಿಧಾನವಾಗಿ ಮನೆಗೆ ಬಂದವರ ಬಿನ್ ಯಾರು ಎಳೆದಿಡುತ್ತಾರೆ?