ಹನ್ನೊಂದನೆಯ ಪ್ರಶ್ನೆ

ಪುಟ್ಟತಾಯಮ್ಮನವರೇ, ನೀವು ಹೇಳದ ‘ಬೇಡ’ವನ್ನು ನಿಮ್ಮ ಹೆಸರಿನಲ್ಲಿ ಬರೆದವನು ನಾನು.

ಎಂಟು ವರ್ಷ ಬಾಯಿ ಬಿಡಲಿಲ್ಲ. ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಾ ಮತದಾರರ ದೈವಭಕ್ತಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ದೇವರನ್ನು ನಂಬದ ನಾನು ನನ್ನ ಪ್ರಶ್ನಾವಳಿಯನ್ನು ನಂಬಿದ್ದೆ. ನಿಮ್ಮ ಬೀದಿಯ ಗಣಪತಿ ಮೆರವಣಿಗೆ ಮಸೀದಿಯ ಮುಂದೆ ತಮಟೆ ನಿಲ್ಲಿಸಿ ಸಾಗಬೇಕು, ಮಸೀದಿ ಬೀದಿಯವರು ಎದುರು ಬಂದು ಶರಬತ್ತು ಕೊಡಬೇಕು — ಎರಡೂ ಬೀದಿಯ ಹಿರಿಯರು ಹೀಗೊಂದು ರಾಜಿಗೆ ಬಂದಿದ್ದರು. ವಾರ್ಡಿನ ಚುನಾವಣೆಗೆ ನಿಂತಿದ್ದ ಅಭ್ಯರ್ಥಿಯೊಬ್ಬರು, ಅದಕ್ಕೆ ಸಹಿ ಹಾಕುವ ಮೊದಲು ಜನರ ಮನಸ್ಸು ತಿಳಿದು ಬನ್ನಿ ಎಂದು ನನ್ನನ್ನು ಕಳಿಸಿದರು.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ನೀವು ಆಗಷ್ಟೇ ಮನೆಗೆ ಬಂದಿದ್ದಿರಿ. ಬೆರಳುಗಳ ಕೆಂಪು ಇನ್ನೂ ಹೋಗಿರಲಿಲ್ಲ. ಪೂಜೆ, ಉಪವಾಸ, ಹರಕೆ — ಮೊದಲ ಹತ್ತು ಪ್ರಶ್ನೆಗೆ ನೀವು ಹೇಳಿದಂತೆಯೇ ಗುರುತು ಹಾಕಿದೆ. ಹನ್ನೊಂದನೆಯದು ರಾಜಿಯದು. ಅದನ್ನು — ಕೇಳಲೇ ಇಲ್ಲ. ಇಷ್ಟು ಭಕ್ತಿಯವರು ಬಗ್ಗುತ್ತಾರೆಯೇ ಎಂದುಕೊಂಡು ನಾನೇ ‘ಬೇಡ’ಕ್ಕೆ ಗುರುತು ಹಾಕಿ ಎದ್ದೆ.

“ಅಷ್ಟೇನಾ ಸಾ? ಅರಕೆ ಯಾಕ್ ಹೊತ್ಕೊಂಡೆ ಅಂತ ಕೇಳ್ಲೇ ಇಲ್ವಲ್ಲ!” ಎಂದು ನಕ್ಕಿರಿ. “ಈ ಸಲ ಮೆರವಣಿಗೆ ಜಗಳ ಇಲ್ದೆ ಓಗ್ಲಿ ಅಂತ ಕಣಪ್ಪ. ನಾಕು ಮನೆ ದಾಟೋವರ್ಗೂ ತಮಟೆ ಸುಮ್ಕಿದ್ರೆ ಗಣಪ್ಪ ಏನ್ ಮುನಿಸ್ಕೊಂಬುಡ್ತಾನಾ?”

ಆಗ ಫಾರಂ ಚೀಲ ಸೇರಿತ್ತೋ, ಕೈಯಲ್ಲೇ ಇತ್ತೋ — ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. ಚೀಲ ಸೇರಿತ್ತು ಎಂದುಕೊಂಡರೆ ಸ್ವಲ್ಪ ಹಗುರವಾಗುತ್ತದೆ. ಅದಕ್ಕೇ ಆ ನೆನಪನ್ನು ನಂಬಲಾರೆ. ಎಲ್ಲಿದ್ದರೇನು, ಪೆನ್ನು ಜೇಬಿನಲ್ಲಿತ್ತು. ತಿದ್ದಲಿಲ್ಲ. ನಿಮ್ಮೊಬ್ಬರದೇ ಅಲ್ಲ — ಆ ಮಧ್ಯಾಹ್ನ ಹಣೆಯ ಕುಂಕುಮ ನೋಡಿಯೇ ಇನ್ನೆಷ್ಟು ಮನೆಗಳ ಉತ್ತರ ಬರೆದೆನೋ...

“ಭಕ್ತರೇ ಬೇಡ ಅಂದ್ಮೇಲೆ ನಾನ್ಯಾಕೆ ತಲೆ ಕೊಡ್ಲಿ ಮೇಷ್ಟ್ರೇ?” ಎಂದು ನನ್ನ ವರದಿ ನೋಡಿದ ಅಭ್ಯರ್ಥಿ ಹಿಂದೆ ಸರಿದರು. ರಾಜಿ ಮುರಿಯಿತು. ಆ ವರ್ಷ ಎರಡು ಬೀದಿಗಳ ನಡುವೆ ಪೊಲೀಸರ ಬ್ಯಾರಿಕೇಡ್ ಬಂತು. ನಿಮ್ಮ ಜಗಲಿಯಲ್ಲಿ ಕೂತು ನಿಮ್ಮೊಂದಿಗೆ ಹೂ ಕಟ್ಟುತ್ತಿದ್ದ ನೂರ್‌ಜಾನ್ ಮತ್ತೆ ಈ ಕಡೆ ಬರಲಿಲ್ಲ. ನನಗೆ ಡಾಕ್ಟರೇಟ್ ಬಂತು.

ಹಿರಿಯರು ಈಗ ಮತ್ತೆ ಸಭೆ ಕರೆದಿದ್ದಾರೆ. ರಾಜಿ ಬೇಡವೆನ್ನುವವರು ನನ್ನ ಹಳೆಯ ವರದಿಯನ್ನೇ ಮುಂದಿಡುತ್ತಾರಂತೆ. ಭಾನುವಾರ ನಾನೂ ಬರುತ್ತೇನೆ, ನಿಮ್ಮ ಫಾರಂ ಹಿಡಿದು. ನಾನು ಮಾಡಿದ್ದನ್ನು ಎಲ್ಲರೆದುರು ಹೇಳುತ್ತೇನೆ. ಆಮೇಲೆ ಹನ್ನೊಂದನೆಯ ಪ್ರಶ್ನೆಯನ್ನು ನಿಮ್ಮನ್ನು ಕೇಳುತ್ತೇನೆ. ಇಷ್ಟಾದ ಮೇಲೆ ನೀವು ನಿಜಕ್ಕೂ ‘ಬೇಡ’ ಎಂದರೆ — ಅದನ್ನೂ ಬರೆದುಕೊಳ್ಳುತ್ತೇನೆ.